ಪಾಸ್‌ಪೋರ್ಟ್ ಇಲ್ಲದೆ ಟ್ರಾಮಿನಲ್ಲಿ

ವಿಯೆನ್ನಾದ ಮೆಟ್ರೋ ನಿಲ್ದಾಣಗಳಲ್ಲಿ ಗೇಟುಗಳಿಲ್ಲ. ಮೆಟ್ಟಿಲ ಬಳಿ ಒಂದು ನೀಲಿ ಪೆಟ್ಟಿಗೆ ಇರುತ್ತದೆ. ಟಿಕೆಟ್ಟನ್ನು ಅದರ ಸೀಳಿಗೆ ತೂರಿಸಿದರೆ ದಿನ, ವೇಳೆ ಅಚ್ಚಾಗುತ್ತದೆ. ತೂರಿಸದೆ ಹೋದರೂ ಯಾರೂ ತಡೆಯುವುದಿಲ್ಲ. ಟ್ರಾಮಿನಲ್ಲಂತೂ ಯಾವ ಬಾಗಿಲಿನಿಂದ ಬೇಕಾದರೂ ಹತ್ತಬಹುದು, ಎಲ್ಲಿ ಬೇಕಾದರೂ ಇಳಿಯಬಹುದು.

ನಾನು ಹೋದದ್ದು ಅಮೆರಿಕದಲ್ಲಿ ವಾಷಿಂಗ್ಟನ್ನಿನ ಹತ್ತಿರವಿರುವ ಜರ್ಮನ್‌ಟೌನಿನಿಂದ. ಅಲ್ಲಿನ ಒಂದು ಬಯೋಟೆಕ್ ಲ್ಯಾಬಿನಲ್ಲಿ ನನ್ನ ಕೆಲಸ. ವಾಷಿಂಗ್ಟನ್ನಿಗೆ ಹೋಗಬೇಕಾದಾಗ ರೆಡ್ ಲೈನಿನ ಕೊನೆಯ ಸ್ಟೇಷನ್ನಿನವರೆಗೆ ಕಾರಿನಲ್ಲಿ ಹೋಗಿ ಮೆಟ್ರೋ ಹಿಡಿಯುತ್ತೇನೆ. ಒಳಗೆ ಹೋಗುವಾಗ ಗೇಟಿಗೆ ಕಾರ್ಡ್ ಮುಟ್ಟಿಸಬೇಕು, ಹೊರಬರುವಾಗ ಇನ್ನೊಮ್ಮೆ. ಎರಡು ಸಲವೂ ಗೇಟು ತೆರೆದು ದಾರಿ ಬಿಡುತ್ತದೆ. ಹನ್ನೊಂದು ವರ್ಷ ಕೆಲಸದ ವೀಸಾದ ಮೇಲೆ ಬದುಕಿದವಳಿಗೆ ಅದರಲ್ಲೊಂದು ಸಣ್ಣ ನೆಮ್ಮದಿ ಇತ್ತು. ನಾನು ಒಳಗಿರುವುದು ಸರಿ ಎಂದು ಯಾವುದೋ ಯಂತ್ರ ಒಪ್ಪಿಕೊಂಡಂತೆ. ವಿಯೆನ್ನಾದಲ್ಲಿ ಹಾಗೆ ಒಪ್ಪುವ ಯಂತ್ರ ಇರಲಿಲ್ಲ. ಮೊದಲ ಎರಡು ದಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಏನೋ ಬಿಟ್ಟುಬಂದಿದ್ದೇನೆ ಎನ್ನಿಸಿ ಹಿಂದಿರುಗಿ ನೋಡುತ್ತಿದ್ದೆ.

ಕೋವಿಡ್ ಕಳೆದು ಒಂದೆರಡು ವರ್ಷವಾಗಿತ್ತು. ವಿಯೆನ್ನಾದಲ್ಲಿ ಮೂರು ದಿನದ ಒಂದು ಸಮ್ಮೇಳನಕ್ಕೆ ಲ್ಯಾಬಿನವರು ನನ್ನನ್ನು ಕಳಿಸಿದರು. ನನ್ನ ಪಾಸ್‌ಪೋರ್ಟಿನಲ್ಲಿದ್ದ ಅಮೆರಿಕದ ವೀಸಾ ಮುದ್ರೆಯ ಅವಧಿ ಹಿಂದೆಯೇ ಮುಗಿದಿತ್ತು. ದೇಶದೊಳಗೆ ಇರುವವರೆಗೆ ಅದರಿಂದ ತೊಂದರೆ ಇಲ್ಲ. ಒಮ್ಮೆ ಹೊರಗೆ ಕಾಲಿಟ್ಟರೆ ಮಾತ್ರ ಹೊಸ ಮುದ್ರೆ ಇಲ್ಲದೆ ಒಳಗೆ ಬರುವಂತಿಲ್ಲ. ಭಾರತದಲ್ಲಿ ಅದಕ್ಕೆ ಬೇಕಾದ ಸಂದರ್ಶನದ ದಿನ ಸಿಗಲು ತಿಂಗಳುಗಟ್ಟಲೆ ಕಾಯಬೇಕಿತ್ತು, ವಿಯೆನ್ನಾದಲ್ಲಿ ಬೇಗ ಸಿಕ್ಕಿತು. ಸಮ್ಮೇಳನದ ಜೊತೆಗೇ ಅದನ್ನೂ ಮುಗಿಸಿಕೊಂಡು ಶನಿವಾರ ಮನೆ ಸೇರುವುದು ಎಂದು ನಾನೂ ನನ್ನ ಗಂಡನೂ ಲೆಕ್ಕ ಹಾಕಿದ್ದೆವು. ಎಂಟು ವರ್ಷದ ಮಗಳಿಗೂ ಶನಿವಾರ ಎಂದೇ ಹೇಳಿದ್ದೆವು.

ಭಾನುವಾರ ಇಳಿದೆ. ಬುಧವಾರ ಅಮೆರಿಕನ್ ಎಂಬೆಸಿಯಲ್ಲಿ ಸಂದರ್ಶನ. ಕಿಟಕಿಯ ಆಚೆಗಿದ್ದ ಅಧಿಕಾರಿ ಸೌಜನ್ಯದಿಂದಲೇ ಮಾತಾಡಿದರು. ನನ್ನ ಕೆಲಸ ಯಾವ ಬ್ಯಾಕ್ಟೀರಿಯಾದ ಮೇಲೆ, ಏಕೆ ಎಂದು ಕೇಳಿದರು, ಹೇಳಿದೆ. ಇನ್ನಷ್ಟು ಪರಿಶೀಲನೆ ಬೇಕು, ಎಷ್ಟು ದಿನ ಎಂದು ಹೇಳಲಾಗದು ಎಂದು ಒಂದು ಕಾಗದ ಕೊಟ್ಟರು. ಪಾಸ್‌ಪೋರ್ಟ್ ಅವರ ಬಳಿಯೇ ಉಳಿಯಿತು. ವಿಜ್ಞಾನದ ಕೆಲಸದವರಿಗೆ ಹೀಗಾಗುವುದು ಹೊಸದೇನಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ನನಗಾಗಲಾರದು ಎಂದುಕೊಂಡಿದ್ದೆ. ಯುರೋಪಿನಲ್ಲಿರಲು ನನಗೆ ಸಿಕ್ಕಿದ್ದ ವೀಸಾ ಹದಿನೈದು ದಿನದ್ದು. ಅಷ್ಟರೊಳಗೆ ಪಾಸ್‌ಪೋರ್ಟ್ ಬಾರದಿದ್ದರೆ ಇಲ್ಲಿ ಇರುವಂತಿಲ್ಲ, ಅಮೆರಿಕಕ್ಕೆ ಹೋಗುವಂತೆಯೂ ಇಲ್ಲ.

ಗುರುವಾರ ಸಮ್ಮೇಳನದ ಹೋಟೆಲು ಬಿಟ್ಟು ಊರಿನ ಅಂಚಿನಲ್ಲೊಂದು ಕೋಣೆಗೆ ಹೋದೆ. ನಿಲ್ದಾಣದ ಯಂತ್ರದಲ್ಲಿ ಒಂದು ವಾರದ ಟಿಕೆಟ್ ತೆಗೆದುಕೊಂಡೆ. ಅಂದಿನಿಂದ ಬೆಳಿಗ್ಗೆ ಎದ್ದು ಎಂಬೆಸಿಯ ಇಮೇಲ್ ಬಂತೇ ಎಂದು ನೋಡುವುದು, ಸ್ನಾನ ಮಾಡುವುದು, ಟ್ರಾಮ್ ಹತ್ತುವುದು. ಹೋಗಬೇಕಾದ ಜಾಗ ಯಾವುದೂ ಇರಲಿಲ್ಲ. ಕೋಣೆಯಲ್ಲಿ ಕೂತರೆ ಫೋನನ್ನೇ ನೋಡುತ್ತಿರುತ್ತಿದ್ದೆ. ಟ್ರಾಮಿನಲ್ಲಿ ಕಿಟಕಿಯನ್ನಾದರೂ ನೋಡಬಹುದಿತ್ತು. ಊರೊಳಗಿನ ವರ್ತುಲ ರಸ್ತೆಯಲ್ಲಿ ಹೋಗುವ ಗಾಡಿ ಹಿಡಿದು, ಇನ್ನೊಂದಕ್ಕೆ ಬದಲಾಯಿಸಿ, ದ್ರಾಕ್ಷಿ ತೋಟ ಕಾಣುವ ಕೊನೆಯ ನಿಲ್ದಾಣದವರೆಗೆ ಹೋಗುತ್ತಿದ್ದೆ. ಅಲ್ಲಿ ಎಲ್ಲರೂ ಇಳಿದ ಮೇಲೆ ಇಳಿದು, ಅದೇ ಗಾಡಿ ತಿರುಗಿ ಬರುವವರೆಗೆ ನಿಂತಿದ್ದು ಮತ್ತೆ ಹತ್ತುತ್ತಿದ್ದೆ.

ಟ್ರಾಮಿನಲ್ಲಿ ಜನ ಮಾತಾಡುವುದು ಕಡಿಮೆ. ಬಾಯಿಗೆ ಬುಟ್ಟಿ ಕಟ್ಟಿದ ನಾಯಿಗಳು ಯಜಮಾನರ ಕಾಲ ಬಳಿ ಮಲಗಿರುತ್ತಿದ್ದವು. ವಯಸ್ಸಾದ ಹೆಂಗಸರು ತರಕಾರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿರುತ್ತಿದ್ದರು. ಶುಕ್ರವಾರ ಬೆಳಗಿನಿಂದ ಶನಿವಾರ ಸಂಜೆಯವರೆಗೆ ನಾನು ಆ ಊರಿನವರೊಡನೆ ಆಡಿದ ಮಾತು ಎರಡೇ, ಬ್ರೆಡ್ಡಿನ ಅಂಗಡಿಯಲ್ಲಿ 'ಇದು' ಮತ್ತು 'ಥ್ಯಾಂಕ್ಸ್'. ಬೆರಳಿಂದ ತೋರಿಸಿದ್ದರೆ ಒಂದನ್ನು ಉಳಿಸಬಹುದಿತ್ತು.

ಮಧ್ಯಾಹ್ನ ಒಂದಕ್ಕೆ ಗಂಡ ಫೋನ್ ಮಾಡುತ್ತಿದ್ದ. ಅವರಲ್ಲಿ ಆಗ ಬೆಳಿಗ್ಗೆ ಏಳು.

"ಏನಾದ್ರೂ ಬಂತಾ?"

"ಇಲ್ಲ."

"ಇಲ್ಲೂ ಒಂದು ವಿಯೆನ್ನಾ ಇದೆ ಕಣೇ, ನಮ್ಮ ಮೆಟ್ರೋದ ಆರೆಂಜ್ ಲೈನ್ ಕೊನೇ ಸ್ಟಾಪು. ಅಲ್ಲಿಗೆ ಹೋಗಿದ್ದಿದ್ರೆ ನಲವತ್ತು ನಿಮಿಷದಲ್ಲಿ ಬಂದು ಪಿಕಪ್ ಮಾಡ್ತಿದ್ದೆ."

"ನಿನ್ನ ಜೋಕ್ ಕೇಳೋಕೆ ರೋಮಿಂಗ್ ಬೇರೆ."

"ನಗ್ತೀಯಾ ಅಂತ ಹೇಳ್ದೆ."

ನಗು ಬಂದಿತ್ತು. ಪಕ್ಕದಲ್ಲಿ ಕೂತವರು ನೋಡಿದ್ದರಿಂದ ನಿಲ್ಲಿಸಿದೆ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನಿದ್ದ ಟ್ರಾಮಿನಲ್ಲಿ, ಅದುವರೆಗೆ ಪ್ರಯಾಣಿಕರಂತೆ ಕೂತಿದ್ದ ಒಬ್ಬ ಹೆಂಗಸು ಎದ್ದು ಕೊರಳಿನ ಬಿಲ್ಲೆ ತೋರಿಸಿ ಟಿಕೆಟ್ ಕೇಳಲು ಶುರುಮಾಡಿದರು. ವಯಸ್ಸು ಐವತ್ತರ ಆಸುಪಾಸು, ಬೂದು ಬಣ್ಣದ ಜಾಕೆಟ್. ಅವರು ಕೇಳುವ ಮೊದಲೇ ನಾನು ಟಿಕೆಟ್ ಹಿಡಿದು ಕಾದೆ. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಒಬ್ಬರು ನನ್ನನ್ನು ಪರೀಕ್ಷಿಸಿ ಸರಿ ಎನ್ನುತ್ತಾರೆ ಎಂದು ಒಳಗೊಳಗೆ ಹಗುರಾಗಿದ್ದೆ ಕೂಡ.

ಅವರು ಓದಿ, ಇಂಗ್ಲಿಷಿನಲ್ಲಿ, "ಇದು ಮುಗಿದಿದೆ. ಈಗಷ್ಟೇ, ಒಂಬತ್ತು ಗಂಟೆಗೆ" ಎಂದರು.

"ಇಲ್ಲ, ಗುರುವಾರ ತಗೊಂಡಿದ್ದು. ಒಂದು ವಾರದ್ದು."

"ವಾರ ಅಂದರೆ ಸೋಮವಾರದಿಂದ ಸೋಮವಾರ. ಬೆಳಿಗ್ಗೆ ಒಂಬತ್ತರವರೆಗೆ. ನೀವು ಯಾವಾಗ ತಗೊಂಡರೂ ಅಷ್ಟೇ." ಟಿಕೆಟ್ಟಿನ ಮೇಲಿನ ಸಾಲನ್ನು ಉಗುರಿನಿಂದ ತೋರಿಸಿದರು. ಅದು ಅಲ್ಲಿ ಅಚ್ಚಾಗಿತ್ತು. "ಗುರುತಿನ ಚೀಟಿ ಇದೆಯಾ?"

ಆಗ ನಾನು ಮಾಡಿದ್ದನ್ನು ವೀಸಾದ ಮೇಲೆ ಬದುಕುವ ನಮ್ಮವರು ಮಾತ್ರ ಮಾಡುತ್ತಾರೆ. ನಮ್ಮೆಲ್ಲರ ಬಳಿ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಯಾವ ಕಿಟಕಿಯಲ್ಲಿ ಯಾರು ಏನು ಕೇಳುತ್ತಾರೋ ತಿಳಿಯದೆ ಎಲ್ಲವನ್ನೂ ಅದರಲ್ಲಿ ಜೋಡಿಸಿಟ್ಟಿರುತ್ತೇವೆ. ಆ ಫೈಲು ಬಿಟ್ಟು ನಾನು ಎಲ್ಲಿಗೂ ಹೋಗುತ್ತಿರಲಿಲ್ಲ. ಅದನ್ನು ತೆರೆದು ಪಾಸ್‌ಪೋರ್ಟಿನ ಜೆರಾಕ್ಸ್ ಪ್ರತಿ ಕೊಟ್ಟೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. ಕೆಲಸದ ಅನುಮತಿ ಪತ್ರ ಕೊಟ್ಟೆ. ಲ್ಯಾಬಿನ ಪತ್ರ ಕೊಟ್ಟೆ. ಡಿಗ್ರಿ ಸರ್ಟಿಫಿಕೇಟು, ಮದುವೆಯ ಸರ್ಟಿಫಿಕೇಟು, ಮಗಳ ಜನನ ಪತ್ರ. ಒಂದೊಂದು ಕೊಡುವಾಗಲೂ ಅದೇನೆಂದು ಹೇಳುತ್ತಿದ್ದೆ, ಸ್ವರ ಏರುತ್ತಿತ್ತು. ಟ್ರಾಮು ತಿರುವಿನಲ್ಲಿ ವಾಲಿದಾಗ ಫೈಲಿನಲ್ಲಿದ್ದ ಮದುವೆಯ ಫೋಟೋ ಕೆಳಗೆ ಜಾರಿತು. ಎದುರಿಗೆ ಕೂತಿದ್ದ ಮುದುಕರೊಬ್ಬರು ಬಗ್ಗಿ ಎತ್ತಿಕೊಂಡು, ಸ್ವಲ್ಪ ಹೊತ್ತು ನೋಡಿ, ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು.

"ಮೇಡಂ," ಎಂದರು ಆ ಹೆಂಗಸು, "ಇದೆಲ್ಲ ನನಗೆ ಬೇಡ."

"ಈ ದಂಡದ ವಿಷಯ ಪೊಲೀಸರಿಗೆ ಹೋಗುತ್ತಾ? ಅಮೆರಿಕನ್ ಎಂಬೆಸಿಗೆ?"

ಅವರು ನನ್ನ ಮುಖ ನೋಡಿದರು. "ಇದು ಟ್ರಾಮ್, ಮೇಡಂ."

ದಂಡ ಕಟ್ಟಿಸಿಕೊಂಡು, ಕಾಗದಗಳನ್ನು ನನ್ನ ತೊಡೆಯ ಮೇಲೆ ಒಟ್ಟಾಗಿ ಇಟ್ಟು, ಮುಂದಿನ ನಿಲ್ದಾಣದಲ್ಲಿ ಹೊಸ ಟಿಕೆಟ್ ತೆಗೆದುಕೊಳ್ಳಲು ಹೇಳಿ ಮುಂದಕ್ಕೆ ಹೋದರು. ಎಲ್ಲ ಸೇರಿ ನಾಲ್ಕೈದು ನಿಮಿಷವಾಗಿರಬಹುದು.

ಇಳಿದು ನಿಲ್ದಾಣದ ಬೆಂಚಿನಲ್ಲಿ ಕೂತೆ. ಕಾಗದಗಳ ಕ್ರಮ ತಪ್ಪಿಹೋಗಿತ್ತು. ಒಂದೊಂದಾಗಿ ಮತ್ತೆ ಜೋಡಿಸಿದೆ, ಅಷ್ಟರಲ್ಲಿ ಮೂರು ಟ್ರಾಮು ಬಂದು ಹೋದವು. ಯುರೋಪಿನ ವೀಸಾದ ಪ್ರತಿ ಕೈಗೆ ಬಂದಾಗ, ಎಂದೂ ಓದದವಳಂತೆ ಪ್ರತಿ ಅಕ್ಷರ ಓದಿದೆ. ನಾನೂ ಗಂಡನೂ ಹದಿನೈದು ದಿನವನ್ನು ಎಣಿಸಿದ್ದು ಇಳಿದ ಮರುದಿನದಿಂದ. ಆ ಲೆಕ್ಕದಲ್ಲಿ ಬರುವ ಸೋಮವಾರದವರೆಗೆ ಸಮಯವಿತ್ತು. ಆದರೆ ವೀಸಾ ಕೊಟ್ಟವರ ಎಣಿಕೆ ಹೇಗೆ? ಫೋನಿನಲ್ಲಿ ಹುಡುಕಿದೆ. ಇಳಿದ ದಿನವೂ ಸೇರುತ್ತದೆ, ಹೊರಡುವ ದಿನವೂ ಸೇರುತ್ತದೆ. ನನಗಿದ್ದದ್ದು ಭಾನುವಾರದವರೆಗೆ ಮಾತ್ರ.

ಮಂಗಳವಾರವೂ ಇಮೇಲ್ ಬರಲಿಲ್ಲ. ಬುಧವಾರ ಗಂಡನಿಗೆ ನಾನೇ ಫೋನ್ ಮಾಡಿದೆ.

"ಪಾಸ್‌ಪೋರ್ಟ್ ವಾಪಸ್ ಕೇಳ್ತೀನಿ. ವೀಸಾ ಇಲ್ದೇನೇ. ಇಂಡಿಯಾಗೆ ಹೋಗಿ ಅಲ್ಲಿಂದ ಟ್ರೈ ಮಾಡ್ತೀನಿ."

"ತಲೆ ಕೆಟ್ಟಿದೆಯಾ? ನಾಳೆನೇ ಬಂದ್ರೆ? ಅಲ್ಲಿ ಡೇಟ್ ಸಿಗೋಕೇ ಎಷ್ಟು ತಿಂಗಳೋ. ಒಂದೆರಡು ದಿನ ಓವರ್‌ಸ್ಟೇ ಆದ್ರೆ ಏನಾಗುತ್ತೆ, ಯಾರು ನೋಡ್ತಾರೆ?"

"ನೋಡ್ತಾರೆ."

"ಕೆಲಸ? ನಿನ್ನ ಕೆಲಸ ಹೋದ್ರೆ ನಾನೂ ಮಗೂನೂ ಇಲ್ಲಿರೋ ಹಾಗಿಲ್ಲ, ಗೊತ್ತು ತಾನೇ?"

"ಬಾಸ್ ಹತ್ರ ಮಾತಾಡಿದೀನಿ. ಡೇಟಾ ಅನಾಲಿಸಿಸ್ ಅಲ್ಲಿಂದ ಮಾಡಬಹುದಂತೆ, ಮೂರು ತಿಂಗಳು. ಆಮೇಲೆ ಹೇಳೋಕಾಗಲ್ಲ ಅಂದ್ರು."

ಅವನು ಮಿಕ್ಸಿ ಹಾಕಿ, ನಿಲ್ಲಿಸಿದ್ದು ಕೇಳಿಸಿತು. "ಸರಿ, ನೀನು ಅಲ್ಲಿದೀಯ. ನಿಂಗೇ ಗೊತ್ತು" ಎಂದ. ಅದು ಒಪ್ಪಿಗೆಯೋ ಸಿಟ್ಟೋ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು.

ಶುಕ್ರವಾರ ಪಾಸ್‌ಪೋರ್ಟ್ ಸಿಕ್ಕಿತು. ಲಕೋಟೆಯನ್ನು ಅಲ್ಲೇ ಬೀದಿಯಲ್ಲಿ ಒಡೆದು ಪುಟಗಳನ್ನೆಲ್ಲ ಮಗುಚಿದೆ. ಏನೂ ಇರುವುದಿಲ್ಲ ಎಂದು ಗೊತ್ತಿದ್ದರೂ ಇನ್ನೊಮ್ಮೆ ಕೊನೆಯಿಂದ ಮಗುಚಿದೆ. ಹೊಸದೇನೂ ಇರಲಿಲ್ಲ.

ಶನಿವಾರ ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಸೂಟ್‌ಕೇಸನ್ನು ಮಂಡಿಗಳ ನಡುವೆ ಹಿಡಿದು ಕೂತಿದ್ದೆ. ಟಿಕೆಟ್ಟನ್ನು ಯಾರೂ ಕೇಳಲಿಲ್ಲ. ಜರ್ಮನ್‌ಟೌನಿನಲ್ಲಿ ನಡುರಾತ್ರಿ ದಾಟಿದ್ದರೂ ಮಗಳು ಎಚ್ಚರವಾಗಿದ್ದಾಳೆ, ಮಲಗುತ್ತಿಲ್ಲ ಎಂದು ಗಂಡ ಫೋನ್ ಮಾಡಿ ಅವಳ ಕೈಗೆ ಕೊಟ್ಟ.

"ಅಮ್ಮಾ, ಯು ಸೆಡ್ ಸ್ಯಾಟರ್ಡೇ."

"ಅದು ಹೋದ ಸ್ಯಾಟರ್ಡೇ ಪುಟ್ಟಾ. ಈಗ ನಾನು ಬೆಂಗಳೂರಿಗೆ ಹೋಗ್ತಿದೀನಿ. ದೊಡ್ಡಮ್ಮನ ಮನೆಗೆ."

"ಬಟ್ ಅದು ಆ ಕಡೆ. ಅಪ್ಪ ಮ್ಯಾಪ್ ತೋರಿಸಿದ್ರು."

"ಹೌದು, ಆ ಕಡೆ."

"ಎಷ್ಟು ದಿನ?"

ರೈಲು ಎಣ್ಣೆ ಶುದ್ಧೀಕರಣ ಘಟಕವೊಂದನ್ನು ದಾಟುತ್ತಿತ್ತು. ಬೆಳ್ಳಗಿನ ದುಂಡು ಟ್ಯಾಂಕುಗಳು ಸಾಲಾಗಿ ಹಿಂದಕ್ಕೆ ಹೋಗುತ್ತಿದ್ದವು. ಗೊತ್ತಿಲ್ಲ ಎಂದೆ. ಅವಳು ಫೋನನ್ನು ಅಪ್ಪನಿಗೆ ಕೊಟ್ಟಳು. ಅವಳ ಹೆಜ್ಜೆಗಳು ಮರದ ನೆಲದ ಮೇಲೆ ಕೋಣೆಯ ಕಡೆ ಹೋಗುವುದು ಕೇಳಿಸಿತು.