ಅತ್ತೆಯ ಐದು ಮೀನು

ಶ್ರೀರಂಗಪಟ್ಟಣಕ್ಕೆ ಇಂಗ್ಲಿಷರ ಮೊದಲ ಮುತ್ತಿಗೆ ಬೀಳುವುದಕ್ಕೆ ಎರಡು ವರ್ಷ ಮುಂಚೆ ನಾವು ಆ ಊರು ಬಿಟ್ಟು ನಾಗಮಂಗಲಕ್ಕೆ ಹೋದೆವು. ನಮ್ಮ ಯಜಮಾನರದು ಅಕ್ಕಸಾಲಿ ಕೆಲಸ. ಅಲ್ಲಿದ್ದ ಅವರ ಅಣ್ಣ, ಒಬ್ಬನಿಂದ ಆಗುತ್ತಿಲ್ಲ ಬಾ ಎಂದು ಹೇಳಿಕಳಿಸಿದ್ದರು. ಹೊರಡಲು ಎಲ್ಲರೂ ಸಿದ್ಧ, ಅತ್ತೆಯೊಬ್ಬರನ್ನು ಬಿಟ್ಟು.

"ಮೀನು ಬಂದ್ರೆ ನಾನೂ ಬತ್ತೀನಿ. ಇಲ್ಲಾಂದ್ರೆ ನೀವೋಗಿ."

ಹಿತ್ತಲ ಕಲ್ಲುಬಾನಿಯಲ್ಲಿ ಐದು ಮೀನಿದ್ದವು. ಸೊಳ್ಳೆಮರಿ ತಿನ್ನಲೆಂದು ಮಾವನವರು ಕಾವೇರಿಯಿಂದ ತಂದು ಬಿಟ್ಟದ್ದು. ಮಾವ ಹೋದರು, ಅತ್ತೆಯ ಕಣ್ಣೂ ಹೋಯಿತು, ಮೀನು ಉಳಿದವು. ನಮ್ಮದು ಮೀನು ತಿನ್ನದ ಮನೆ; ಒಡವೆ ಮಾಡಿಸಲು ಬಂದವರು, "ಏನ್ ಆಚಾರ್ರೇ, ಸೊಪ್ಪುಸಾರು ಬೇಜಾರಾಯ್ತಾ?" ಎಂದು ನಗುತ್ತಿದ್ದರು. ಬೆಳಿಗ್ಗೆ ಅತ್ತೆ ನೀರಿಗೆ ಬೆರಳಿಟ್ಟರೆ ಐದೂ ಬಂದು ಮುತ್ತುತ್ತಿದ್ದವು. "ಕರೀದಿದ್ರೂ ನನ್ನತ್ರ ಬರೋವು ಇವೇ ಕಣವ್ವ" ಎನ್ನುವರು. ಆ ಮಾತು ನನಗೆ ಚುಚ್ಚುತ್ತಿತ್ತು. ಅವರಿಗೆ ಹೊತ್ತುಹೊತ್ತಿಗೆ ಅನ್ನ ಇಕ್ಕುವವಳು ನಾನಲ್ಲವೇ!

ಬಾಯಗಲದ ಮಣ್ಣಿನ ಹರವಿ ತಂದೆ. "ಬಾನಿ ನೀರ್ನೇ ಉಯ್ಯಿ. ಅರ್ಧ ಸಾಕು, ಗಾಳಿ ಬೇಕು" ಎಂದರು ಅತ್ತೆ. ದಾರಿಯಲ್ಲಿ ನೀರು ಕೆಡಬಾರದೆಂದು ಹೊರಡುವ ಹಿಂದಿನ ದಿನ ಮೀನಿಗೆ ಅನ್ನ ಹಾಕಗೊಡಲಿಲ್ಲ. ಹರವಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಗಾಡಿಯಲ್ಲಿ ಹುಲ್ಲಿನ ನಡುವೆ ಕೂರಿಸಿದೆವು. ಎರಡು ದಿನದ ದಾರಿ. ಬಿಸಿಲೇರಿದಾಗ ಹಿರೋಡೆಯ ಕೆರೆ ಏರಿಯ ಮರದಡಿ ಗಾಡಿ ಬಿಟ್ಟೆವು. ಅತ್ತೆ ಮಾತ್ರ ಹರವಿಯನ್ನು ಬಿಡಲಿಲ್ಲ. ಐದೂ ಕ್ಷೇಮವಾಗಿ ನಾಗಮಂಗಲ ಮುಟ್ಟಿದವು.

ಆಮೇಲೆ ನಾನು ನನ್ನ ಜಾಣತನ ತೋರಿಸಿದೆ. ಹಳೇ ಮನೆಯ ನೀರು ಹೊಸ ಮನೆಯ ಹೊಸ್ತಿಲು ದಾಟಬಾರದೆಂದು ತವರಿನಲ್ಲಿ ಕಲಿತಿದ್ದೆ. ಮೇಲಾಗಿ ಅಕ್ಕಸಾಲಿ ಮನೆಯ ಹೆಂಗಸು, ಮಸುಕಾದ ಪಾತ್ರೆ ಕಂಡರೆ ಕೈ ಸುಮ್ಮನಿರದು. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಥಳಥಳ ಉಜ್ಜಿದೆ. ಬಾವಿ ನೀರು ತುಂಬಿ, ಚಿಟಿಕೆ ಅರಿಶಿನ ಹಾಕಿ, ಮೀನು ಬಿಟ್ಟೆ. ಪಾಚಿ ವಾಸನೆಯ ಹಳೇ ನೀರನ್ನು ಬೀದಿಗೆ ಚೆಲ್ಲಿದೆ.

ಒಲೆ ಹೊತ್ತಿಸಿ ಬರುವಷ್ಟರಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಂದು ಆಗಲೇ ಮಗುಚಿಕೊಂಡಿತ್ತು. ಉಜ್ಜಿದ ತಾಮ್ರ ಮೀನಿಗೆ ವಿಷವೆಂದು ನಾನೇನು ಕಂಡಿದ್ದೆ! ಕೆರೆಗೆ ಓಡಿ ನೀರು ತಂದು, ಅವನ್ನು ಮತ್ತೆ ಹರವಿಗೆ ಹಾಕಿದೆ. ಉಳಿದದ್ದು ಎರಡು. ಸತ್ತ ಮೂರನ್ನು ಹಿತ್ತಲಲ್ಲಿ ಹೂತೆ. ಯಜಮಾನರಿಗೂ ಹೇಳಲಿಲ್ಲ.

ಮರುದಿನ ಅತ್ತೆ ನೀರಿಗೆ ಬೆರಳಿಟ್ಟರು. "ಐದೂ ಚೆಂದಾಗವಾ?"

"ಚೆಂದಾಗವೆ ಅತ್ತೆ. ಹೊಸ ಜಾಗ ಅಲ್ವಾ, ಕೆಲವು ಇನ್ನೂ ಹತ್ರ ಬರಾಕಿಲ್ಲ."

ಅವರು ಬೆರಳು ತೆಗೆದು ಸೆರಗಿಗೆ ಒರೆಸಿಕೊಂಡರು. ಇನ್ನೊಂದು ಮಾತು ಕೇಳಿದ್ದರೆ ಅತ್ತುಬಿಡುತ್ತಿದ್ದೆ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರಲ್ಲ, ಹಾಗೆ ದಿನವೂ ಐದು ಮೀನಿಗಾಗುವಷ್ಟು ಅನ್ನವನ್ನೇ ಅವರ ಅಂಗೈಗೆ ಹಾಕುತ್ತಿದ್ದೆ. ಅವರು ಅಷ್ಟನ್ನೂ ನೀರಿಗೆ ಉದುರಿಸುತ್ತಿದ್ದರು. ನಾನು ಆಮೇಲೆ ಬಂದು ತಿನ್ನದೆ ಉಳಿದದ್ದನ್ನು ಸೋಸಿ ತೆಗೆಯುತ್ತಿದ್ದೆ.

ಹೀಗೆ ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅತ್ತೆ ಅಂಗೈಯ ಅನ್ನದಲ್ಲಿ ಅರ್ಧಕ್ಕೂ ಹೆಚ್ಚು ತೆಗೆದು, ನನ್ನ ಕೈ ಹುಡುಕಿ ಅದರಲ್ಲಿ ಹಾಕಿದರು.

"ಎರಡು ಮೀನ್ಗೆ ಇಷ್ಟೊಂದು ಬ್ಯಾಡ ಕಣವ್ವ. ನೀರು ಕೆಡ್ತದೆ."