ಬೇರೆ ಒಲೆ

ಗಂಡನ ಸಹವಾಸ ಸಾಕಾಗಿ ಬುಕ್ಕಾಂಬುಧಿಯ ಅಪ್ಪನ ಮನೆಗೆ ಬಂದಾಗ ನನಗೆ ಮೂವತ್ತು ದಾಟಿತ್ತು. ಅವ್ವ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ತಮ್ಮ, ಅವನ ಹೆಂಡತಿ. ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ಊಟಕ್ಕೆ ಕೂತಾಗಲೆಲ್ಲ ತಮ್ಮನ ಹೆಂಡತಿ ತಟ್ಟೆ ಕುಕ್ಕುವುದನ್ನು ತಡೆಯಲಾರದೆ ಒಂದು ಬೆಳಿಗ್ಗೆ ಕೋಣೆಯಲ್ಲೇ ಗ್ಯಾಸ್ ಒಲೆ ಹಚ್ಚಿದೆ.

ನಮ್ಮ ಕಡೆ ಒಂದೇ ಸೂರಿನಡಿ ಬೇರೆ ಒಲೆ ಹೂಡಿದರೆ ಪಾಲು ಕೇಳಿದ ಹಾಗೆ. ಒಲೆ ಹೂಡಿದವರಿಗೆ ಕಾನೂನೂ ಪಾಲು ಕೊಡಿಸುತ್ತದೆ ಎಂದು ಊರೆಲ್ಲ ನಂಬಿದೆ. ನಾನೂ ನಂಬಿದ್ದೆ.

ತಮ್ಮ ಬಂದವನೇ ಒಲೆಗೆ ಒದ್ದ. ಕುದಿಯುತ್ತಿದ್ದ ಹುರುಳಿ ಸಾರು ನನ್ನ ಪಾದದ ಮೇಲೆ ಬಿತ್ತು. ಕಿರುಚಿದ್ದಕ್ಕೆ ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿದ. ಅಪ್ಪ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ, ಏಳಲಿಲ್ಲ. ಅವನ ಮೇಲೆ ಬಂದಷ್ಟು ಸಿಟ್ಟು ನನಗೆ ತಮ್ಮನ ಮೇಲೂ ಬರಲಿಲ್ಲ.

ಸುಟ್ಟ ಕಾಲಲ್ಲೇ ಅಜ್ಜಂಪುರಕ್ಕೆ ಹೋಗಿ ಪೊಲೀಸರಿಗೆ ದೂರು ಕೊಟ್ಟೆ. ಸಾಹೇಬರು ಅಪ್ಪನನ್ನೂ ತಮ್ಮನನ್ನೂ ಕರೆಸಿ, ಮೂವರನ್ನೂ ಎದುರಿಗೆ ನಿಲ್ಲಿಸಿಕೊಂಡು ಮನೆ ಯಾರದೆಂದು ಕೇಳಿದರು. ಸೈಟು ಕೊಂಡು ತಾನೇ ಕಟ್ಟಿಸಿದ್ದು ಅಂದ ಅಪ್ಪ. ಇನ್ನೊಮ್ಮೆ ಕೈಯೆತ್ತಿದರೆ ಒಳಗೆ ಹಾಕುತ್ತೇನೆ ಎಂದು ತಮ್ಮನನ್ನು ಗದರಿಸಿ, ಸಾಹೇಬರು ನನ್ನ ಕಡೆ ತಿರುಗಿದರು.

"ಒಲೆ ಹಚ್ಚಿದ್ರೆ ಪಾಲು ಬರಲ್ಲ ಕಣಮ್ಮ. ಯಜಮಾನ್ರು ಸ್ವಂತ ದುಡಿದು ಕಟ್ಸಿರೋ ಮನೆ. ಅವ್ರು ಇರೋಗಂಟ ಮಗಳಿಗೂ ಹಕ್ಕಿಲ್ಲ, ಮಗನಿಗೂ ಇಲ್ಲ. ಇರು ಅಂದ್ರೆ ಇರ್ಬೇಕು, ಹೋಗು ಅಂದ್ರೆ ಹೋಗ್ಬೇಕು."

ಮಗನಿಗೂ ಇಲ್ಲ ಅಂದದ್ದಕ್ಕೆ ತಮ್ಮನಿಗೆ ಪಿತ್ತ ನೆತ್ತಿಗೇರಿತು. ಮನೆ ತಲುಪುತ್ತಲೇ ಅಪ್ಪನ ಕೊರಳಪಟ್ಟಿ ಹಿಡಿದು, ಮನೆ ತನ್ನ ಹೆಸರಿಗೆ ಬರೆಯಲೇಬೇಕೆಂದು ಜಗಲಿಯಿಂದ ಕೆಳಕ್ಕೆ ನೂಕಿದ. ಬಿದ್ದ ಮುದುಕನನ್ನು ಒದೆಯಲು ಕಾಲೆತ್ತಿದಾಗ ನಾನು ಸೌದೆ ತುಂಡು ಎತ್ತಿಕೊಂಡು ಅವನ ಮೊಣಕಾಲಿಗೆ ಬಾರಿಸಿದೆ. ಕೈ ಸೋಲುವ ತನಕ ಬಾರಿಸಿದೆ. ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ತಮ್ಮ ತನ್ನ ಹೆಂಡತಿಯನ್ನು ಕರೆದುಕೊಂಡು ಕುಂಟುತ್ತ ಅವಳ ತವರಿಗೆ ಹೊರಟ. ಅಪ್ಪ ತುಟಿಯ ರಕ್ತ ಒರೆಸಿಕೊಂಡು ನನ್ನನ್ನೇ ನೋಡಿದ.

"ನೀನಿರವ್ವ. ಆದ್ರೆ ಸಾಹೇಬ್ರು ಏನೇ ಅನ್ಲಿ, ಆ ಒಲೆ ತೆಗ್ದಾಕು. ನಾಳೆ ನೀನೂ ಪಾಲು ಅಂತ ನಿಂತ್ಕೊಂಡ್ರೆ? ತೆಗೆಯಲ್ಲ ಅಂದ್ರೆ ನೀನೂ ಹೊಂಡು."

ಸೌದೆ ಇನ್ನೂ ಕೈಯಲ್ಲೇ ಇತ್ತು. ಅವನಿಗೂ ಎರಡು ಬಿಡಬೇಕು ಅನ್ನಿಸಿತು. ಬಿಡಲಿಲ್ಲ. ಮಿಷನ್ನನ್ನೂ ಒಲೆಯನ್ನೂ ಲಗೇಜ್ ಆಟೋಗೆ ಹಾಕಿಸಿಕೊಂಡು ತರೀಕೆರೆಗೆ ಬಂದೆ.

ಈಗಿರುವುದು ಬಾಡಿಗೆ ಕೋಣೆ. ಮಾಲೀಕ ಮಹಾ ಸಿಡುಕ, ಮೆಟ್ಟಿಲ ಮೇಲೆ ಬಟ್ಟೆ ಒಣಗಿಸಿದರೂ ಬೈಯುತ್ತಾನೆ. ಆದರೂ ನನ್ನನ್ನು ಬಿಡಿಸಬೇಕಾದರೆ ಅವನು ಮುಂಚೆಯೇ ಹೇಳಬೇಕು, ಗಡುವು ಕೊಡಬೇಕು. ಅಪ್ಪನ ಮನೆಯಲ್ಲಿ ನನಗೆ ಅಷ್ಟೂ ಇರಲಿಲ್ಲ.