ಹುಡುಗಿಗಿಂತ ಮೊದಲು ಹೊರಟ ಗಂಟು

ಮೊನ್ನೆ ಅಮಾವಾಸ್ಯೆಯ ಸಂಜೆ ಕೊಲ್ಲಾಪುರದ ರೈಲ್ವೆ ಸ್ಟೇಶನ್ನಿಗೆ ನಾನು ಕೈ ಬೀಸಿಕೊಂಡು ಹೋದೆ. ಎಷ್ಟೋ ಸಲ ಹಾಗೆ ಹೋಗಿದ್ದೇನೆ, ಯಾರೂ ತಪ್ಪು ತಿಳಿದಿರಲಿಲ್ಲ. ಆದರೆ ಮೊನ್ನೆ ನನ್ನ ಖಾಲಿ ಕೈಗಳನ್ನು ನೋಡಿ ನಮ್ಮಕ್ಕ ಪ್ಲಾಟ್‌ಫಾರ್ಮಿನ ಮೇಲೆ ಕುಸಿದು ಕೂತಳು.

"ತಮ್ಮಾ, ಗಂಟ ಎಲ್ಲೈತೋ?" ಎಂದಳು.

ಗಂಟು ನನ್ನ ಹತ್ತಿರ ಇರಲಿಲ್ಲ. ಅದು ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ರೈಲು ಮಾತ್ರ ಎದುರಿಗೇ ನಿಂತು ಹೊಗೆ ಬಿಡುತ್ತಿತ್ತು.

ಅಕ್ಕನ ಮಗಳು ಶಾರದಾ ಜರ್ಮನಿಗೆ ಹೊರಟಿದ್ದಾಳೆ. ಬಟ್ಟೆಗೆ ಬಣ್ಣ ಹಾಕುವ ರಸಾಯನಶಾಸ್ತ್ರ ಕಲಿಯಲಿಕ್ಕೆ. ಇಚಲಕರಂಜಿಯ ಶಹಾಪುರದಲ್ಲಿ ಹುಟ್ಟಿ, ಅಪ್ಪನ ಪವರ್‌ಲೂಮುಗಳ ಖಟಖಟದಲ್ಲೇ ಓದಿ ಬಿ.ಎಸ್ಸಿ. ಮುಗಿಸಿದ ಹುಡುಗಿ. (ಗದ್ದಲವಿಲ್ಲದಿದ್ದರೆ ಆಕೆಯ ತಲೆಗೆ ಪಾಠ ಹತ್ತುವುದಿಲ್ಲ. ಜರ್ಮನಿ ಭಾರೀ ನಿಶ್ಶಬ್ದ ದೇಶವೆಂದು ಕೇಳಿದ್ದೇನೆ. ಆ ಚಿಂತೆ ಬೇರೆ.) ಸ್ಕಾಲರ್‌ಶಿಪ್ಪು ಸಿಕ್ಕಿದೆ. ಅಲ್ಲಿ ನಮ್ಮ ಹಾಗೆ ಟರ್ಮು ಇಲ್ಲವಂತೆ, ಸೆಮಿಸ್ಟರ್ ಅಂತೆ. ಸೆಮಿಸ್ಟರ್ ಶುರುವಾಗುವ ದಿನ ಕ್ಲಾಸಿನಲ್ಲಿ ಇರದಿದ್ದರೆ ಜಾಗವೂ ಇಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ ಎಂದು ಅಲ್ಲಿಯ ಪ್ರೊಫೆಸರರು ಮೊದಲೇ ತಿಳಿಸಿದ್ದಾರೆ. ಮುಂಬಯಿಯಿಂದ ಹಡಗು. ಹಡಗು ಹಿಡಿಯಲು ಕೊಲ್ಲಾಪುರದಿಂದ ರೈಲು. ರೈಲು ಹತ್ತುವ ದಿನ ಅಮಾವಾಸ್ಯೆ.

ಹಡಗಿನವರು ಪಂಚಾಂಗ ನೋಡುವುದಿಲ್ಲ. ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷ. ಆದರೆ ನಮ್ಮ ಹಿರಿಯರು ಇದಕ್ಕೂ ಪರಿಹಾರ ಮಾಡಿಟ್ಟು ಹೋಗಿದ್ದಾರೆ. ಅದರ ಹೆಸರು ಪ್ರಸ್ಥಾನ. ಹೊಸ ತಲೆಮಾರಿನವರ ತಿಳಿವಳಿಕೆಗಾಗಿ ಹೇಳುತ್ತೇನೆ. ಹೊರಡುವ ದಿನ ಕೆಟ್ಟದ್ದಾಗಿದ್ದರೆ, ಅದಕ್ಕಿಂತ ಮುಂಚಿನ ಒಂದು ಒಳ್ಳೆಯ ದಿನ ಪ್ರಯಾಣಿಕರ ಒಂದೆರಡು ಸಾಮಾನನ್ನು ಸ್ವಲ್ಪ ಅಕ್ಕಿ, ಅಡಿಕೆ, ಅರಿಶಿನದ ಜೊತೆ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟುಬರಬೇಕು. ಗಂಟು ಹೊರಟರೆ ಮನುಷ್ಯನೂ ಹೊರಟಂತೆ. ಅಮಾವಾಸ್ಯೆ ಬಂದಾಗ ನೀವು ಆಗಲೇ ದಾರಿಯಲ್ಲಿದ್ದೀರಿ, ಅದು ನಿಮ್ಮನ್ನೇನು ಮಾಡೀತು? ಹೈಕೋರ್ಟಿನ ವಕೀಲರಿಗೂ ಹೊಳೆಯದ ಯುಕ್ತಿ. ನಿಯಮಗಳೂ ಸರಳ. ಇಟ್ಟ ಗಂಟು ತಿರುಗಿ ಮನೆಯ ಹೊಸ್ತಿಲು ದಾಟಬಾರದು. ಒಂದೇ ಕಡೆ ಬಹಳ ದಿನ ಕೂಡ್ರಬಾರದು. ಮುದ್ದತು ಮುಗಿದರೆ ಮುಂದಕ್ಕೆ ಸಾಗಿಸಬೇಕು.

ಶಾರದೆಯ ಅಜ್ಜಿ, ಅಂದರೆ ನಮ್ಮ ಭಾವ ಬಸಪ್ಪನವರ ತಾಯಿ ಗೌರವ್ವ, ತನ್ನ ಕೈಯಾರೆ ಗಂಟು ಕಟ್ಟಿ ಕಾಗಲದಲ್ಲಿರುವ ತಂಗಿ ನಿಂಗವ್ವನ ಮನೆಯಲ್ಲಿ ಇಡಿಸಿದ್ದಳು. ಇಚಲಕರಂಜಿಯಿಂದ ಕೊಲ್ಲಾಪುರಕ್ಕೆ ಹೋಗುವವರಿಗೆ ಕಾಗಲ ಸುತ್ತು ದಾರಿ. ಆದರೆ ಅದು ಪಶ್ಚಿಮಕ್ಕಿದೆ, ಜರ್ಮನಿಯೂ ಪಶ್ಚಿಮಕ್ಕಿದೆ. ಗೌರವ್ವನ ಭೂಗೋಳದಲ್ಲಿ ತಪ್ಪಿಲ್ಲ. ಗಡಹಿಂಗ್ಲಜದಿಂದ ಬರುವ ನಾನು ಕಾಗಲದಲ್ಲಿ ಬಸ್ಸಿಳಿದು ಗಂಟು ತೆಗೆದುಕೊಂಡು ಸ್ಟೇಶನ್ನಿಗೆ ಮುಟ್ಟಿಸಬೇಕು. ಸೋದರಮಾವನಿಗೆ ವಹಿಸಿದ್ದು ಇಷ್ಟೇ ಕೆಲಸ.

ಕಾಗಲದಲ್ಲಿ ನಿಂಗವ್ವನ ಮನೆಗೆ ಕೀಲಿ ಬಿದ್ದಿತ್ತು.

ಪಕ್ಕದ ಮನೆಯ ಹೆಂಗಸು ಕಾಳು ಹಸನು ಮಾಡುತ್ತ ಮರಾಠಿಯಲ್ಲೇ ಹೇಳಿದಳು: ನಿಂಗವ್ವ ಮುಂಜಾನೆಯೇ ಗಂಟು ಎತ್ತಿಕೊಂಡು ಹೋದಳಂತೆ. ಎಲ್ಲಿಗೆ? ಮುಂದಕ್ಕೆ. ಮುಂದಕ್ಕೆ ಅಂದರೆ? ಅದನ್ನು ಆಕೆ ಹೇಳಿರಲಿಲ್ಲ. ಮುದ್ದತು ಮುಗಿದಿತ್ತು, ಅಷ್ಟೇ. ನಾನು ತಿರುಗಿ ಹೊರಟಾಗ ಆ ಹೆಂಗಸು ಇನ್ನೊಂದು ಮಾತು ಸೇರಿಸಿದಳು. ಹಿಂದಿನ ದಿನವೂ ಹಳದಿ ಕೈರುಮಾಲಿನಿಂದ ಹಣೆ ಒರೆಸಿಕೊಳ್ಳುತ್ತ ಒಬ್ಬರು ಇದೇ ಗಂಟು ಕೇಳಿಕೊಂಡು ಬಂದಿದ್ದರಂತೆ. ನಿಂಗವ್ವ ಅವರಿಗೆ ಚಹಾ ಕೊಟ್ಟಳಂತೆ, ಗಂಟು ಕೊಡಲಿಲ್ಲವಂತೆ.

ನಾನು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಗಂಟಿನಲ್ಲಿ ಏನಿದ್ದೀತು? ಒಂದು ಹಳೆ ಸೀರೆ, ಎರಡು ಹಿಡಿ ಅಕ್ಕಿ. ಮುಂದಿನ ಬಸ್ಸು ಹಿಡಿದೆ.

ಸ್ಟೇಶನ್ನಿನಲ್ಲಿ ಅಷ್ಟರೊಳಗೆ ಪಾಸ್‌ಪೋರ್ಟು ಕಳೆದಿತ್ತು. ಭಾವ ಟ್ರಂಕು ಬಿಚ್ಚಿ ಉಣ್ಣೆಯ ಕೋಟು, ಚಟ್ನಿಪುಡಿಯ ಡಬ್ಬಿ, ದಪ್ಪ ಜರ್ಮನ್ ಡಿಕ್ಶನರಿ ಎಲ್ಲವನ್ನೂ ಜನರೆದುರು ಹರವಿದ್ದರು. ಹಾಸಿಗೆಯ ಸುರುಳಿಯ ಮೇಲೆ ಕೂತಿದ್ದ ಗೌರವ್ವ, ಪಾಸ್‌ಪೋರ್ಟು ಪ್ರಸ್ಥಾನದ ಗಂಟಿನಲ್ಲಿದೆ ಎಂದು ಸಮಾಧಾನದಿಂದ ತಿಳಿಸಿದ್ದಳು. ಅದನ್ನು ಅಲ್ಲೇಕೆ ಇಟ್ಟೆ ಎಂದು ಅಕ್ಕ ಅತ್ತೆಯನ್ನು ಕೇಳಿದಳು. ಉತ್ತರ ನನ್ನೆದುರಿಗೇ ಬಂತು.

"ಅದಿಲ್ಲದ ಹೋಗಾಕ ಬರೂದಿಲ್ಲಂತ ಎಲ್ಲಾರೂ ಅನ್ನಾಕತ್ತಿದ್ರಿ. ಮತ್ತ ಪ್ರಸ್ಥಾನದಾಗ ಅದನ್ನ ಬಿಟ್ಟು ಹರಕ ಸೀರಿ ಇಡಲೇನು?"

ಇದಕ್ಕೆ ಯಾವ ಯುನಿವರ್ಸಿಟಿಯಲ್ಲಿ ಉತ್ತರವಿದೆ?

ಶಾರದಾ ಅಳಲಿಲ್ಲ. ಸೆರಗಿನ ತುದಿ ಸುತ್ತುತ್ತ ಗಡಿಯಾರ ನೋಡುತ್ತಿದ್ದಳು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಮಾಮಾ, ಇದು ತಪ್ಪಿದ್ರ ಮತ್ತ ಹಡಗ ಯಾವಾಗ?" ನನಗೆ ಗೊತ್ತಿತ್ತು. ಮುಂದಿನ ಹಡಗು ಹೊರಡುವ ಹೊತ್ತಿಗೆ ಅಲ್ಲಿ ಸೆಮಿಸ್ಟರ್ ಶುರುವಾಗಿರುತ್ತದೆ. ಆಕೆಗೂ ಗೊತ್ತಿತ್ತು. ಆದರೂ ಕೇಳಿದಳು. ನಾನು ಕೆಮ್ಮಿದೆ.

ಆಗ ಭಾವನ ಕಡೆ ನೋಡಿದೆ. ಮಗಳ ಪಾಸ್‌ಪೋರ್ಟು ಕಳೆದುಕೊಂಡ ತಂದೆಯ ಮುಖ ಹೇಗಿರಬೇಕು? ಹಾಗಿರಲಿಲ್ಲ. ಹಲ್ಲುನೋವು ನಿಂತವರ ಮುಖದ ಹಾಗಿತ್ತು.

"ಬಿಡ್ರಿ. ಅಮಾಸಿ ದಿವಸ ಬ್ಯಾಡಂತ ನಾ ಮೊದಲ ಅಂದಿದ್ನಿ. ಮುಂದಿನ ವರ್ಷ ನೋಡೂಣು," ಎಂದರು. ಹಣೆ ಒರೆಸಿಕೊಳ್ಳಲು ಕಿಸೆಯಿಂದ ರುಮಾಲು ತೆಗೆದರು. ಹಳದಿ ರುಮಾಲು.

ನಿನ್ನೆ ಕಾಗಲಕ್ಕೆ ಹೋಗಿದ್ದಿರೇನು ಎಂದು ಕೇಳಿದೆ. ಭಾವ ಸಿಗ್ನಲ್ಲಿನ ಕಂಬವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಉತ್ತರ ಕೊಟ್ಟವಳು ಗೌರವ್ವ. ಮುರಗೂಡದಿಂದ ಶಾರದೆಗೆ ಒಂದು ಒಳ್ಳೆಯ ಸಂಬಂಧ ಬಂದಿದೆಯಂತೆ. ಅಂದಿನಿಂದ ಮಗ ಸರಿಯಾಗಿ ಊಟ ಮಾಡಿಲ್ಲವಂತೆ. ರಾತ್ರಿ ಎದ್ದು ಪಾಸ್‌ಪೋರ್ಟು ಇಟ್ಟ ಪೆಟ್ಟಿಗೆಯ ಮುಂದೆ ಕೂಡ್ರುತ್ತಿದ್ದನಂತೆ. ಅದು ಪೆಟ್ಟಿಗೆಯಿಂದ ಮಾಯವಾದದ್ದು ಕಂಡಾಗಲೇ ತಾಯಿಯ ಕೈವಾಡ ಅವನಿಗೆ ಗೊತ್ತಾಗಿ, ತಡೆಯಲೆಂದು ಕಾಗಲಕ್ಕೆ ಓಡಿದ್ದನಂತೆ. ಟ್ರಂಕು ಬಿಚ್ಚಿ ಹುಡುಕಿದ್ದು ನಮಗೆ ತೋರಿಸಲಿಕ್ಕೆ.

ಭಾವ ದೊಡ್ಡ ದನಿಯ ಮನುಷ್ಯ. ಮಗ್ಗಗಳ ನಡುವೆ ನಿಂತು ಮಾತಾಡಿ ರೂಢಿ. ಆದರೆ ಆಗ ಆಡಿದ್ದು ಪಕ್ಕದಲ್ಲಿದ್ದ ನನಗೂ ಅರ್ಧವೇ ಕೇಳಿಸಿತು.

"ಅವ್ವಾ, ಆಕಿ ಒಬ್ಬಾಕೀನ. ಜಡ್ಡ ಬಂದ್ರ ಒಂದ ವಾಟಿ ನೀರ ಕೊಡೂರು ಯಾರದಾರ ಅಲ್ಲಿ?"

ಗೌರವ್ವ ಮಗನ ಕಡೆ ತಿರುಗಿದಳು.

"ಅದು ನನಗೂ ಅನಸತೈತಿ, ಬಸ್ಯಾ. ಅದಕ್ಕ ಮನ್ಯಾಗ ಇಡಲಿಲ್ಲ. ಇಟ್ಟಿದ್ರ ನಾನ ಬಚ್ಚಿಡತಿದ್ನಿ."

ಹೀಗೆಂದು ಎದ್ದು, ಸೊಂಟ ಹಿಡಿದುಕೊಂಡು, ಹೆಂಗಸರ ಡಬ್ಬಿಯ ಕಡೆ ನಡೆದಳು. ನಾವೆಲ್ಲ ಮೆರವಣಿಗೆಯಂತೆ ಹಿಂದೆ. ಕಿಡಕಿಯ ಪಕ್ಕ ನಿಂಗವ್ವ ಕೂತಿದ್ದಳು, ತೊಡೆಯ ಮೇಲೆ ಗಂಟು. ಗಾಡಿ ಪ್ಲಾಟ್‌ಫಾರ್ಮಿಗೆ ಹಚ್ಚಿದಾಗಿನಿಂದ ಕೂತಿದ್ದಾಳೆ! ಕೊಲ್ಲಾಪುರದಲ್ಲಿ ಆಕೆಗೆ ಗುರುತಿನ ಮನೆಯಿಲ್ಲ. ಪ್ರಸ್ಥಾನವನ್ನು ಗುರುತಿಲ್ಲದವರ ಮನೆಯಲ್ಲಿ ಇಡಬಾರದು. ಆದ್ದರಿಂದ ಮಿರಜದವರೆಗೆ ಟಿಕೆಟ್ಟು ತೆಗೆಸಿ, ರೈಲಿನಲ್ಲೇ ಇಟ್ಟಿದ್ದಳು. ಹಿಂದಕ್ಕೆ ತರುವ ಹಾಗಿಲ್ಲ, ಮುಂದಕ್ಕೆ ಹೋಗಲೇಬೇಕು. ಶಾಸ್ತ್ರದಲ್ಲಿ ಎಲ್ಲಿಯೂ ಲೋಪವಿಲ್ಲ. (ಅಕ್ಕ-ತಂಗಿಯರು ಇದನ್ನು ಮೊದಲೇ ಮಾತಾಡಿಕೊಂಡಿದ್ದರೇ? ಕೇಳುವ ಧೈರ್ಯ ನನಗಾಗಲಿಲ್ಲ.)

ಹರವಿದ್ದನ್ನೆಲ್ಲ ನಾನು ಟ್ರಂಕಿಗೆ ತುರುಕಿ ಹಾಸಿಗೆಯ ಜೊತೆ ಏರಿಸಿದೆ. ಶಾರದಾ ಡಬ್ಬಿ ಹತ್ತಿದಳು. ಮುಂಬಯಿವರೆಗೆ ಜೊತೆಗೆ ಹೋಗುವ ಅಕ್ಕನೂ ಹತ್ತಿದಳು. ಅವರ ಹಿಂದೆಯೇ ಯಾರೂ ಎಣಿಸದ ರೀತಿಯಲ್ಲಿ ಭಾವ ಹತ್ತಿದರು. ಹೆಂಗಸರ ಡಬ್ಬಿಯಲ್ಲಿ ಗುಜುಗುಜು ಎದ್ದಿತು. ಅವರು ಲಕ್ಷ್ಯ ಕೊಡಲಿಲ್ಲ. ನಿಂಗವ್ವನ ಮುಂದೆ ಕೈ ಚಾಚಿ, "ಚಿಗವ್ವಾ, ಕೊಡು," ಎಂದರು. ನಿಂಗವ್ವ ಗಂಟನ್ನು ಅವಚಿಕೊಂಡು ಕಿಡಕಿಯಲ್ಲಿ ಗೌರವ್ವನ ಮುಖ ನೋಡಿದಳು. ಗೌರವ್ವ ಕೊಡು ಎಂಬಂತೆ ತಲೆಯಾಡಿಸಿದಳು. ಆ ಮನುಷ್ಯ ಪಾಸ್‌ಪೋರ್ಟನ್ನು ಕಿಸೆಗೆ ಹಾಕಿಕೊಂಡು ಇಳಿದರೆ ಯಾರು ಏನು ಮಾಡುವ ಹಾಗಿತ್ತು?

ಭಾವ ಗಂಟು ಬಿಚ್ಚಿದರು. ಅಕ್ಕಿ ಚೆಲ್ಲಿತು. ಪಾಸ್‌ಪೋರ್ಟು ತೆಗೆದರು. ಫೋಟೋ ಇದ್ದ ಪುಟ ತೆರೆದು ನೋಡುತ್ತ ನಿಂತರು. ಮಗಳು ಎದುರಿಗೇ ಇದ್ದಳು, ಆದರೂ ಫೋಟೋ ನೋಡಿದರು. ಗಾರ್ಡ್ ಸೀಟಿ ಊದಿದ. ಅಂಟಿಕೊಂಡಿದ್ದ ಅಕ್ಕಿಕಾಳನ್ನು ಉಗುರಿನಿಂದ ತೆಗೆದು, ಪುಸ್ತಕ ಮುಚ್ಚಿ, ಮಗಳ ಕೈಯಲ್ಲಿ ಇಟ್ಟರು. ಗಾಡಿ ಚಲಿಸುತ್ತಿದ್ದಾಗ ಇಳಿದರು. ನಾನು ತೋಳು ಹಿಡಿಯದಿದ್ದರೆ ಬೀಳುತ್ತಿದ್ದರು.

ಪರದೇಶಕ್ಕೆ ಹೋಗುವುದೆಂದರೆ ಟಿಕೆಟ್ಟು, ಕೋಟು, ಡಿಕ್ಶನರಿ ಎಂದು ತಿಳಿದಿದ್ದೆ. ಹೋಗುವವರು ಹೇಗೋ ಹೋಗುತ್ತಾರೆ. ಕಳಿಸುವವರನ್ನು ಹೊರಡಿಸುವುದಕ್ಕೆ ಇಬ್ಬರು ಮುದುಕಿಯರು ಬೇಕಾದರು.

ರೈಲಿನ ಕೊನೆಯ ಡಬ್ಬಿ ಕಾಣದಾದ ಮೇಲೂ ಭಾವ ಅಲ್ಲಿಯೇ ನಿಂತಿದ್ದರು. ಹೋಗೋಣವೇ ಎಂದು ನಾನು ಎರಡು ಸಲ ಕೇಳಿದೆ. ಅವರು ತಾಯಿಯ ಕಡೆ ತಿರುಗಿದರು.

"ಅವ್ವಾ, ಹೋಗಾಕಂತೂ ಪ್ರಸ್ಥಾನ ಇಟ್ಟಿ. ಬರಾಕ ಏನ ಇಡಬೇಕು?"

ಎಲ್ಲದಕ್ಕೂ ಶಾಸ್ತ್ರ ಬಲ್ಲ ಗೌರವ್ವ ಇದಕ್ಕೆ ಸೆರಗು ಸರಿಪಡಿಸಿಕೊಂಡಳು, ಅಷ್ಟೇ. ಓದುಗರಲ್ಲಿ ಯಾರಿಗಾದರೂ ಗೊತ್ತಿದೆಯೇ?